ಫ್ಯೋರ್ಡ್ ದಂಡೆಯ ಕಟ್ಟೆ

ನಾರ್ವೆ ಪ್ರವಾಸದಲ್ಲಿ ನಾವು ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯವರೇ ಹನ್ನೆರಡು ಮಂದಿ. ಒಂದು ಮಧ್ಯಾಹ್ನ, ಬೆಟ್ಟಗಳ ನಡುವೆ ಸಮುದ್ರ ಒಳನುಗ್ಗಿದ ಫ್ಯೋರ್ಡ್ ದಂಡೆಯಲ್ಲಿ ಬಸ್ಸು ನಿಂತಿತು. ಅಲ್ಲೊಂದು ಅಗಲವಾದ ಹಾಸುಗಲ್ಲು. ನಮ್ಮವರಿಗೆ ಅಂಥ ಕಲ್ಲು ಕಂಡರೆ ಮುಗಿಯಿತು, ಅದು ಕಟ್ಟೆಯೇ.

"ಬರ್ರಿ, ಇಲ್ಲೇ ಬುತ್ತಿ ಬಿಚ್ಚೂಣು," ಎಂದರು ಗಂಗಾವತಿಯ ಅಕ್ಕಿ ವ್ಯಾಪಾರಿ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಹರಡಿದರು.

ಗೈಡ್ ಹೆಂಗಸು ಓಡಿ ಬಂದಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಜರ್ಮನರು ಕೈದಿಗಳಿಂದ ಇಲ್ಲಿ ರಸ್ತೆ ಕಡಿಸಿದ್ದರಂತೆ. ಹಸಿವಿನಿಂದ ಸತ್ತ ಆ ಕೈದಿಗಳ ನೆನಪಿನ ಕಲ್ಲಂತೆ ಅದು. ನಾನು ಕನ್ನಡದಲ್ಲಿ ತಿಳಿಸಿ ಹೇಳಿದೆ.

"ಸತ್ತು ಎಷ್ಟು ವರ್ಷ ಆಗ್ಯಾವ್ರಿ! ಈಗೇನು ಅವರಿಗೆ ಹಸಿವಿ ಆಗತೈತೇನ್ರಿ?" ಎಂದು ವ್ಯಾಪಾರಿ ಬೆರಳು ನೆಕ್ಕಿದರು. ಚಟ್ನಿಯ ಎಣ್ಣೆ ಕಲ್ಲಿನ ಅಕ್ಷರಗಳೊಳಗೆ ಇಳಿಯುತ್ತಿತ್ತು. ನನಗೆ ಹೇಸಿಗೆಯಾಯಿತು. ಊರು ಮುಟ್ಟುವವರೆಗೆ ಆ ಮನುಷ್ಯನ ಮುಖ ನೋಡಲಿಲ್ಲ.

ಯಲಬುರ್ಗಾದ ಮನೆಗೆ ಬಂದ ಮರುದಿನ ಪ್ರವಾಸದ ಬಟ್ಟೆ ಒಗೆಯಲು ಹಿತ್ತಲಿಗೆ ಹೋದೆ. ಅಜ್ಜಿಯ ಕಾಲದಿಂದ ನಾವು ಬಟ್ಟೆ ಒಗೆಯುವ ಕಲ್ಲು ಒಂದು ವೀರಗಲ್ಲು. ಯಾವುದೋ ಕಾಳಗದಲ್ಲಿ ಸತ್ತವನು ಅದರಲ್ಲಿ ಇನ್ನೂ ಕತ್ತಿ ಹಿಡಿದು ನಿಂತಿದ್ದಾನೆ. ಅವನ ಮುಖ ಮಾತ್ರ ಇಲ್ಲ. ಒಗೆದು ಒಗೆದು ನಾವೇ ಸವೆಸಿದ್ದೇವೆ.