ಬೆದರುಬೊಂಬೆಯ ಹೊಟ್ಟೆಗೆ ಕಟ್ಟಿದ ಕ್ಯಾಮೆರಾ

ಇದನ್ನು ನೀವು ನಂಬುವುದಿಲ್ಲ. ನಂಬಿ ಎಂದು ನಾನೂ ಕೈಮುಗಿಯುವುದಿಲ್ಲ. ಒಂಬತ್ತನೇ ಕ್ಲಾಸಿನವರೆಗೆ ಇಂಥ ಕಥೆ ಹೇಳಿದವರನ್ನೆಲ್ಲ ಆಡಿಕೊಂಡು ನಗುತ್ತಿದ್ದವನು ನಾನೇ. ಸುಳ್ಳು ಹೇಳುವುದರಲ್ಲಿ ಊರಲ್ಲಿ ನನಗೆ ಒಳ್ಳೆಯ ಹೆಸರಿತ್ತು. ಹಾಗಾಗಿ ಬೇರೆಯವರ ಸುಳ್ಳು ಬೇಗ ಗೊತ್ತಾಗುತ್ತಿತ್ತು. ತೊಂದರೆ ಏನೆಂದರೆ, ಇದು ಸುಳ್ಳಲ್ಲ.

ನಮ್ಮೂರು ಕಿರುಗಾವಲಿನ ಹತ್ತಿರ. ಒಂದು ಸಂಜೆ ನಮ್ಮ ಕಬ್ಬಿನ ಗದ್ದೆಯ ಬದುವಿನಲ್ಲಿ ಚಿರತೆ ನೋಡಿದೆ. ಎಮ್ಮೆಯಷ್ಟು ದಪ್ಪ ಇತ್ತು. ಸರಿ, ಕರುವಿನಷ್ಟು. ಆದರೆ ಚಿರತೆಯೇ. ಮಾರನೇ ಬೆಳಿಗ್ಗೆ ಹಾಲಿನ ಡೈರಿ ಮುಂದೆ ಹೇಳಿದರೆ, ಕ್ಯಾನು ಹಿಡಿದು ನಿಂತವರೆಲ್ಲ ಹಾಲು ಚೆಲ್ಲುವಂತೆ ನಕ್ಕರು. ನನ್ನ ಜೊತೆ ಓದುವ ಚಂದ್ರು ಎಲ್ಲರಿಗಿಂತ ಜೋರಾಗಿ.

"ಅದು ನಿಂಗಣ್ಣನ ಮನೆ ಕಂದು ನಾಯಿ ಕಣ್ಲಾ. ಓದ್ವರ್ಸ ಆನೆ ಬಂತು ಅಂದೆ, ಈ ವರ್ಸ ಚಿರತೆ. ಬರೋ ವರ್ಸ ಸಿಂಹ ಬುಡ್ತೀಯಾ?"

"ಫೋಟೋನೇ ತೋರಿಸ್ತೀನಿ, ನೋಡ್ತಾ ಇರ್ಲಾ."

"ತೋರ್ಸು. ಇಲ್ಲಾಂದ್ರೆ ಇದೇ ಡೈರಿ ಮುಂದೆ ನಿಂತ್ಕೊಂಡು, ನಾ ಕಂಡುದ್ದು ನಾಯಿ ಅಂತ ಕೂಗ್ಬೇಕು."

ಅಪ್ಪನಿಗೆ ನಗು ಬರಲಿಲ್ಲ. ಕಬ್ಬು ಕಡಿಯುವವರು ಸದ್ಯದಲ್ಲೇ ಬರುವವರಿದ್ದರು. "ಚಿರತೆ ಗಿರತೆ ಅಂತ ಬಾಯ್ಬುಟ್ರೆ ಒಬ್ಬ ಆಳೂ ಗದ್ದೆಗೆ ಇಳಿಯಕಿಲ್ಲ. ಸುಳ್ಳು ಏಳಾದ್ರೆ ಬ್ಯಾರೆ ಯಾವ್ದಾರ ಏಳ್ಲಾ" ಎಂದ. ಸುಳ್ಳು ಹೇಳಲು ಅನುಮತಿ ಸಿಕ್ಕಿತು, ನಿಜ ಹೇಳಲು ಸಿಗಲಿಲ್ಲ.

ಮೈಸೂರಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುವ ನನ್ನ ಮಾವ ಒಂದು ಟ್ರೇಲ್ ಕ್ಯಾಮೆರಾ ಕೊಟ್ಟರು. ಎದುರಿಗೆ ಏನಾದರೂ ಅಲ್ಲಾಡಿದರೆ ತಾನೇ ಫೋಟೋ ಹೊಡೆಯುವ ಡಬ್ಬಿ ಅದು. ಅಲ್ಲಾಡದ ಮರಕ್ಕೆ ಕಟ್ಟು ಅಂದರು. ನಮ್ಮ ಬದುವಿನಲ್ಲಿದ್ದ ಒಂದೇ ತೆಂಗಿನಮರಕ್ಕೆ ಅದರ ಪಟ್ಟಿ ಸಾಲಲಿಲ್ಲ. ಪಕ್ಕದ ಬದನೆ ಸಾಲಿನಲ್ಲಿ ಬೆದರುಬೊಂಬೆ ನಿಂತಿತ್ತು. ತಲೆಗೆ ಸುಣ್ಣ ಬಳಿದ ಮಡಕೆ, ಮೈಗೆ ನನ್ನ ಹಳೇ ನೀಲಿ ಸ್ಕೂಲ್ ಅಂಗಿ. ಬೆನ್ನು ಹರಿದಿದ್ದ ಕಡೆ ಅವ್ವ ಕೆಂಪು ಬಟ್ಟೆಯ ತೇಪೆ ಹಾಕಿದ್ದಳು. ಅದನ್ನು ತೊಟ್ಟು ಸ್ಕೂಲಿಗೆ ಹೋಗಲು ನಾಚಿ ನಾನೇ ಬೊಂಬೆಗೆ ದಾನ ಮಾಡಿದ್ದೆ. ಈಗ ಅದರ ಹೊಟ್ಟೆಗೇ ಕ್ಯಾಮೆರಾ ಬಿಗಿದೆ, ಕಣ್ಣು ಕಬ್ಬಿನ ಕಡೆಗೆ.

ಗಾಳಿ ಬೀಸಿದಾಗಲೆಲ್ಲ ಕಬ್ಬೂ ಅಲ್ಲಾಡಿತು, ಬೊಂಬೆಯೂ ಅಲ್ಲಾಡಿತು. ಕೆಲವು ದಿನ ಬಿಟ್ಟು, ಸಂಜೆ ಸ್ಕೂಲಿಂದ ಬಂದವನೇ ಕಾರ್ಡ್ ತಂದು ಫೋನಿಗೆ ಸಿಕ್ಕಿಸಿ ನೋಡಿದರೆ ಬರೀ ಕಬ್ಬಿನ ಗರಿ. ಎಡಕ್ಕೆ ಬಾಗಿದ ಗರಿ, ಬಲಕ್ಕೆ ಬಾಗಿದ ಗರಿ, ಒಂದರ ಹೆಗಲ ಮೇಲೆ ಒಂದು ಒರಗಿದ ಗರಿ. ಮದುವೆ ಆಲ್ಬಮ್ಮಿನಲ್ಲೂ ಒಂದೇ ಜೋಡಿಯನ್ನು ಇಷ್ಟು ಸಲ ತೆಗೆದಿರುವುದಿಲ್ಲ. ನಡುವೆ ಒಂದು ನವಿಲಿನ ಹಿಂಭಾಗ.

ಆಮೇಲೆ ಅದು ಬಂತು. ಮೂಲೆಯಲ್ಲಿದ್ದ ತಾರೀಖು, ಗಂಟೆ ನೋಡಿದರೆ ಅದೇ ದಿನ ಮಧ್ಯಾಹ್ನದ್ದು. ಬದುವಿನ ಮೇಲೆ, ಬಿಸಿಲಿನಲ್ಲಿ, ಚುಕ್ಕೆ ಎಣಿಸುವಷ್ಟು ಸ್ಪಷ್ಟವಾಗಿ ಚಿರತೆ. ನಾನು ಮಂಚ ಹತ್ತಿ ಕುಣಿದೆ. ಕುಣಿತ ನಿಂತಿದ್ದು ಎರಡನೇ ಸಲ ನೋಡಿದಾಗ. ಚಿರತೆಯ ಹಿಂದೆ, ಕೈಚಾಚಿದರೆ ಬಾಲ ಸಿಗುವಷ್ಟು ಹತ್ತಿರದಲ್ಲಿ, ಯಾರೋ ಬೆನ್ನು ತಿರುಗಿಸಿ ನಿಂತಿದ್ದರು. ನೀಲಿ ಅಂಗಿ. ಬೆನ್ನಿನ ಮೇಲೆ ಕೆಂಪು ತೇಪೆ.

ಬೊಂಬೆ ಎನ್ನುತ್ತೀರಿ. ಕ್ಯಾಮೆರಾ ಇದ್ದದ್ದೇ ಬೊಂಬೆಯ ಹೊಟ್ಟೆಯ ಮೇಲೆ. ಅದು ತನ್ನ ಬೆನ್ನನ್ನು ತಾನೇ ಹೇಗೆ ತೆಗೆಯುತ್ತದೆ? ಅದೂ ಅಲ್ಲದೆ ಫೋಟೋದಲ್ಲಿ ಮಡಕೆ ಇರಲಿಲ್ಲ. ಕೂದಲಿತ್ತು. ಹಪ್ಪಳದಂತೆ ಎರಡೂ ಕಡೆ ಚಾಚಿದ ಕಿವಿಗಳಿದ್ದವು. ಊರಲ್ಲಿ ಆ ಕಿವಿ ಇರುವುದು ಅಪ್ಪನಿಗೆ ಮತ್ತು ನನಗೆ. ಅಪ್ಪ ಆ ಅಂಗಿಯೊಳಗೆ ಒಂದು ತೋಳನ್ನೂ ತೂರಿಸಲಾರ. ನಾನು ಆ ಮಧ್ಯಾಹ್ನ ಗಣಿತದ ಮೇಷ್ಟ್ರ ಎದುರು ಬೆಂಚಿನ ಮೇಲೆ ನಿಂತಿದ್ದೆ. ಪಕ್ಕದಲ್ಲೇ ಚಂದ್ರು ಹಲ್ಲು ಕಿಸಿಯುತ್ತಿದ್ದ. ಸಂಜೆ ಕಾರ್ಡ್ ತೆಗೆಯುವಾಗಲೂ ಅಂಗಿ ಬೊಂಬೆಯ ಮೈಮೇಲೇ ಇತ್ತು, ಹಾಕಿದ ಗುಂಡಿ ಹಾಕಿದಂತೆಯೇ.

ಎದ್ದು ಕಿಟಕಿ ಮುಚ್ಚಿದೆ. ಆದರೆ ನಾನು ಸುಮ್ಮನಿರುವವನಲ್ಲ. ಹಿಂದೆ ಯಾರಾದರೂ ಇರಲಿ, ಮುಂದೆ ಚಿರತೆ ಇತ್ತಲ್ಲ! ಚಂದ್ರುವಿಗೆ ಕಳಿಸಬೇಕು ಅನ್ನುವಷ್ಟರಲ್ಲಿ ಅಪ್ಪ ಒಳಗೆ ಬಂದು ಫೋನ್ ಕಿತ್ತುಕೊಂಡ.

ನೋಡಿದ. ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ. ತನ್ನ ಫೋನ್ ತೆಗೆದು ಕಬ್ಬು ಕಡಿಯುವವರ ಮೇಸ್ತ್ರಿಗೆ ಹೇಳಿದ: "ನಾಳೆ ಬರೋದ್ ಬ್ಯಾಡ ಕಣಪ್ಪ. ನಮ್ ಉಡ್ಗ ಏಳುದ್ದು ದಿಟ. ಚಿರತೆ ಅದೆ."

ಆ ಮಾತು ಕೇಳಲು ನಾನು ಹುಟ್ಟಿದಾಗಿನಿಂದ ಕಾದಿದ್ದೆ. ಅಪ್ಪ ನನ್ನ ಕಡೆ ತಿರುಗಿ ಫೋಟೋವನ್ನು ನನ್ನ ಮುಖಕ್ಕೆ ಹಿಡಿದ.

"ಅದ್ರ ಇಂದೆ ಓಗಿ ನಿಂತ್ಕೊಂಡಿದ್ದೀಯಲ್ಲೋ."

"ನಾನಲ್ಲ ಕಣಪ್ಪ. ಸ್ಕೂಲಲ್ಲಿದ್ದೆ. ಮೇಷ್ಟ್ರನ್ನ ಕೇಳು ಬೇಕಾದ್ರೆ."

"ನನ್ ಮಗನ್ ಕಿವಿ ನಂಗೊತ್ತಿಲ್ವಾ? ನಿಮ್ಮವ್ವ ಇದ್ನ ನೋಡುದ್ರೆ ಜೀವ ಬುಡ್ತಾಳೆ ಕಣ್ಲಾ."

ನಾನಲ್ಲ ಎಂದು ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ. ಡೈರಿ ಮುಂದೆ ನಾಯಿ ಎಂದು ಇವತ್ತಿನವರೆಗೂ ಕೂಗಿಲ್ಲ, ಕೂಗುವುದೂ ಇಲ್ಲ. ಅಲ್ಲಿ ನಿಂತಿದ್ದವನು ಯಾರು ಎಂದರೆ ನನಗೆ ಗೊತ್ತಿಲ್ಲ. ನೀವೇ ನೋಡಿ ಹೇಳಿ ಎನ್ನೋಣವೆಂದರೆ ತೋರಿಸಲು ಏನೂ ಉಳಿದಿಲ್ಲ. ಆ ಸಂಜೆ, ನಾವು ಮಾತಾಡುತ್ತಿರುವಾಗಲೇ, ಅಡುಗೆಮನೆ ಕಡೆಯಿಂದ ಅವ್ವನ ಬಳೆ ಸದ್ದು ಹತ್ತಿರ ಬಂತು. ಅಪ್ಪ ಹೆಬ್ಬೆರಳು ಒತ್ತಿ ಫೋಟೋ ಅಳಿಸಿಯೇಬಿಟ್ಟ.