ಗುಲಾಬಿ ಕಲಸಿದ ಮಣ್ಣು

ಗುಲಾಬಿಯ ಬಲಗೈ ಆಪರೇಷನ್ನು ಮೊದಲ ಸಲ ಮುಂದಕ್ಕೆ ಹೋದದ್ದು ಎರೆಹುಳುಗಳಿಂದಾಗಿ. ಜನವರಿಯಲ್ಲಿ ದಿನ ಗೊತ್ತಾಗಿತ್ತು. ಅದೇ ವಾರ ಗ್ಯಾರೇಜಿನ ಗೊಬ್ಬರದ ಪೆಟ್ಟಿಗೆಯಲ್ಲಿ ಹುಳುಗಳು ಮುಚ್ಚಳ ಹತ್ತತೊಡಗಿದವು. ಒಳಗೆ ಏನೋ ಹುಳಿಯಾಗಿದೆ, ಈಗ ಬಿಟ್ಟುಹೋದರೆ ಒಂದೂ ಉಳಿಯುವುದಿಲ್ಲ ಎಂದು ಗಂಡ ಗುಣಪಾಲ ಹೇಳಿದ. ಎರಡನೆಯ ಸಲ ಹೋದದ್ದು ಗಾಳಿಯಿಂದಾಗಿ. ಗಾಳಿ ಕೆಟ್ಟ ದಿನಗಳಲ್ಲಿ ಇಲ್ಲಿ ಸೌದೆಗೆ ಬೆಂಕಿ ಹಾಕುವಂತಿಲ್ಲ. ಎರಡು ವಾರ ಕಾದ ಮೇಲೆ ಬೆಂಕಿ ಹಾಕಬಹುದಾದ ದಿನ ಬಂದದ್ದು ಆಸ್ಪತ್ರೆಗೆ ಹೋಗಬೇಕಾದ ದಿನವೇ. ಇದ್ದಿಲು ಸುಡದಿದ್ದರೆ ಮಣ್ಣಿಲ್ಲ, ಮಣ್ಣಿಲ್ಲದಿದ್ದರೆ ಗಿಡವಿಲ್ಲ. "ಕೈ ಎಲ್ಲಿಗೆ ಓಡಿಹೋಗ್ತದೆ?" ಎಂದು ಗುಣಪಾಲ ನಕ್ಕ. ಗುಲಾಬಿಯೇ ಆಸ್ಪತ್ರೆಗೆ ಫೋನು ಮಾಡಿ ಎರಡು ಸಲವೂ ಕ್ಷಮೆ ಕೇಳಿದಳು.

ಗಿಡ ಎಂದರೆ ಗಾಂಜಾ ಗಿಡ. ಕ್ಯಾಲಿಫೋರ್ನಿಯಾದಲ್ಲಿ ವಯಸ್ಕರು ಮನೆಯೊಳಗೆ ಆರು ಗಿಡ ಬೆಳೆಸಿಕೊಳ್ಳಬಹುದು. ಕ್ಯಾಂಪ್‌ಬೆಲ್ಲಿನ ಅವರ ಮನೆಯ ಗ್ಯಾರೇಜಿನಲ್ಲಿ, ಕಾರು ನಿಲ್ಲುತ್ತಿದ್ದ ಜಾಗದಲ್ಲಿ, ಒಂದು ಕಪ್ಪು ಟೆಂಟಿನೊಳಗೆ ಸರಿಯಾಗಿ ಆರು ಗಿಡಗಳಿದ್ದವು. ಮನೆಗೆ ಬಂದವರು ವಾಸನೆ ಏನೆಂದು ಕೇಳಿದರೆ ಟೊಮೆಟೊ ಎನ್ನಬೇಕೆಂಬುದು ಮನೆಯ ಕಟ್ಟಳೆ. ಕಾರು ಮೂರು ವರ್ಷಗಳಿಂದ ಬೀದಿಯಲ್ಲಿತ್ತು.

ಗುಲಾಬಿಗೆ ಅರವತ್ತೊಂದು. ಉಡುಪಿ ಕಡೆಯ ಮಲ್ಲಿಗೆ ಬೆಳೆಯುವ ಮನೆಯವಳು. ಎಂಟನೇ ವಯಸ್ಸಿಗೇ ಅವಳ ಬೆರಳುಗಳು ನೋಡದೆ ಹೂ ಕಟ್ಟುತ್ತಿದ್ದವು. ತಾಯಿ ಒಣಸೊಪ್ಪು, ತರಗೆಲೆ ಒಟ್ಟಿ, ಮೇಲೆ ಮಣ್ಣು ಮುಚ್ಚಿ, ಒಳಗೊಳಗೇ ದಿನಗಟ್ಟಲೆ ಹೊಗೆಯಾಡುವಂತೆ ಸುಡುಮಣ್ಣು ಮಾಡಿ ಮಲ್ಲಿಗೆಯ ಬುಡಕ್ಕೆ ಹಾಕುತ್ತಿದ್ದುದನ್ನು ಅವಳು ಯಾರಿಂದಲೂ ಕಲಿಯಲಿಲ್ಲ. ಪಕ್ಕದಲ್ಲಿ ಕುಳಿತು ಕೆಮ್ಮುತ್ತಾ ಬೆಳೆದಳು, ಅಷ್ಟೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಹದಿನೇಳು ವರ್ಷ ಒಂದು ಡೇಕೇರಿನಲ್ಲಿ ಬೇರೆಯವರ ಮಕ್ಕಳ ಮೂಗು, ಅಂಡು ಒರೆಸಿದಳು. ಅವಳ ನಿವೃತ್ತಿ ಯಾರ ಗಮನಕ್ಕೂ ಬರಲಿಲ್ಲ, ಏಕೆಂದರೆ ಮರುದಿನವೂ ಅವಳು ಆರು ಗಂಟೆಗೆ ಎದ್ದಳು.

ಗುಣಪಾಲನ ನಿವೃತ್ತಿ ಮಾತ್ರ ಇಡೀ ಮನೆಯ ಮೇಲೆ ಬಿತ್ತು. ಚಿಪ್ ಕಂಪನಿಯವರು ಅರವತ್ತಕ್ಕೆ ಮನೆಗೆ ಕಳಿಸಿದಾಗ ಅವನು ಒಂದು ತಿಂಗಳು ಸೋಫಾ ಬಿಟ್ಟು ಏಳಲಿಲ್ಲ. ಆಮೇಲೆ ಬೆನ್ನುನೋವು ಹಿಡಿಯಿತು. ನೋವಿಗೆ ಗಾಂಜಾ ಎಣ್ಣೆ ಒಗ್ಗಿತು. ಅಂಗಡಿಯದರಲ್ಲಿ ಏನೇನು ಔಷಧಿ ಹೊಡೆದಿರುತ್ತಾರೋ, ನಾವೇ ಸಾವಯವ ಬೆಳೆಯೋಣ ಎಂದ. "ನಾವು" ಎಂಬ ಮಾತು ಆ ಮನೆಯಲ್ಲಿ ಬಂದಾಗಲೆಲ್ಲ ಗುಲಾಬಿ ಸೆರಗು ಸಿಕ್ಕಿಸಿಕೊಳ್ಳುವುದು ವಾಡಿಕೆ.

ಬೆಳಕು ಅವನದು, ಮಣ್ಣು ಅವಳದು ಎಂದು ಕೆಲಸ ಹಂಚಿಕೆಯಾಯಿತು. ಬೆಳಕಿಗೆ ಒಂದು ಸ್ವಿಚ್ಚು ಇತ್ತು.

ಮಣ್ಣಿಗೆ ಸ್ವಿಚ್ಚಿರಲಿಲ್ಲ. ಹಿತ್ತಲಿನ ಪ್ಲಮ್ ಮರದ ಕೊಂಬೆ ಸವರಿ, ಬೆರಳುದ್ದಕ್ಕೆ ಕಡಿದು, ಮುಚ್ಚಳಕ್ಕೆ ಒಂದೇ ತೂತಿರುವ ದೊಡ್ಡ ಉಕ್ಕಿನ ಡಬ್ಬಿಗೆ ತುಂಬಿ, ಅದನ್ನು ಬೆಂಕಿಕುಳಿಯ ನಡುವೆ ಇಡಬೇಕು. ತೂತಿನಿಂದ ಮೊದಲು ಹೊಗೆ ಬರುತ್ತದೆ, ಆಮೇಲೆ ಉರಿ. ಉರಿ ತಾನಾಗಿ ಆರಿದಾಗ ಒಳಗೆ ಇದ್ದಿಲಾಗಿದೆ ಎಂದು ಅರ್ಥ. ಆದರೆ ಮರುದಿನದವರೆಗೆ ಮುಚ್ಚಳ ತೆಗೆಯಬಾರದು. ಬಿಸಿ ಇದ್ದಿಲಿಗೆ ಗಾಳಿ ಸಿಕ್ಕರೆ ಎಲ್ಲ ಬೂದಿ. ತಣಿದ ಇದ್ದಿಲನ್ನು ಪುಡಿ ಮಾಡಿ ಎರಡು ವಾರ ಅಕ್ಕಿ ತೊಳೆದ ನೀರಿನಲ್ಲಿ, ಮೀನು ತೊಳೆದ ನೀರಿನಲ್ಲಿ ನೆನೆಹಾಕಬೇಕು. ಹಸಿದ ಇದ್ದಿಲನ್ನು ಹಾಗೇ ಹಾಕಿದರೆ ಅದು ಮಣ್ಣಿನ ಸಾರವನ್ನೆಲ್ಲ ತಾನೇ ಕುಡಿದು ಗಿಡವನ್ನು ಹಳದಿ ಮಾಡುತ್ತದೆ. ಆಮೇಲೆ ಹುಳುಗೊಬ್ಬರ, ಬೇವಿನ ಹಿಂಡಿ, ಕುಟ್ಟಿದ ಏಡಿಚಿಪ್ಪು. ಕೊನೆಗೆ ಕಲಸುವುದು. ಕಲಸಿ ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ಬೆರಳಲ್ಲಿ ತಿವಿದರೆ ಬಿರಿಯಬೇಕು. ಗುಣಪಾಲ ಇದನ್ನೆಲ್ಲ ಕಂಪ್ಯೂಟರಿನಲ್ಲಿ ತಾರೀಕು ಹಾಕಿ ಬರೆದಿಟ್ಟಿದ್ದ. ಶೀರ್ಷಿಕೆಯಲ್ಲಿ ಅವನ ಹೆಸರಿತ್ತು.

ಹೆಸರು ಊರಿಗೂ ಹಬ್ಬಿತು. ಸನ್ನಿವೇಲಿನಿಂದ ಆನಂದತೀರ್ಥರು ಮಂಡಿನೋವಿಗೆಂದು ಒಂದು ಸಣ್ಣ ಶೀಸೆ ಎಣ್ಣೆ, ತುಳಸಿಗೆಂದು ಒಂದು ಚೀಲ ಮಣ್ಣು ಒಯ್ಯುತ್ತಿದ್ದರು. ಮೈಸೂರಿನವರು, ಆಚಾರವಂತರು.

"ಏನ್ ಮಣ್ಣು ಗುಣಪಾಲ್ ಇದು! ತುಳಸಿ ಮೂರಡಿ ಬಂದ್ಬಿಟ್ಟಿದೆ. ನಮ್ಮನೆಯವಳು ರಮಾ ದಿನಾ ಪ್ರದಕ್ಷಿಣೆ ಹಾಕ್ತಾಳೆ. ಸೀಕ್ರೆಟ್ಟು ಹೇಳ್ರಿ."

"ಬಯೋಚಾರು, ಮೈಕ್ರೋಬ್ಸು," ಎಂದು ಗುಣಪಾಲ ಇದ್ದಿಲಿಗೆ ಇಂಗ್ಲಿಷ್ ಹೆಸರು ಹೇಳಿದ. "ಮಣ್ಣು ಅಂದ್ರೆ ಜೀವ ಇರುವಂಥದ್ದು ಸ್ವಾಮೀ."

"ಏಡಿಚಿಪ್ಪು," ಎಂದಳು ಕಾಫಿ ತಂದ ಗುಲಾಬಿ.

"ಏನಂದ್ರಿ?"

"ಏಡಿ ಸುಕ್ಕ ಮಾಡ್ತೇವಲ್ಲ, ಅದರ ಚಿಪ್ಪು. ಒಣಗಿಸಿ ಕುಟ್ಟಿ ಹಾಕುದು. ಮತ್ತೆ ಬಂಗುಡೆ ಮೀನು ತೊಳೆದ ನೀರು."

ಆನಂದತೀರ್ಥರ ಲೋಟ ತುಟಿಯ ಹತ್ತಿರ ನಿಂತಿತು. "ಅಂದ್ರೆ... ತುಳಸಿಗೂ?"

"ತುಳಸಿ ಬೇಡ ಅಂತ ಹೇಳಲಿಲ್ಲಲ್ಲ ಮಾರಾಯ್ರೆ."

ಅವರು ಲೋಟ ಕೆಳಗಿಟ್ಟರು. "ರಮಂಗೆ ಮಾತ್ರ ಹೇಳ್ಬೇಡಿ," ಎಂದು ಹೇಳಿ ಇನ್ನೊಂದು ಚೀಲವನ್ನೂ ಕಾರಿಗೆ ಹಾಕಿಸಿಕೊಂಡರು. ಹಾಕಿದವಳು ಗುಲಾಬಿ.

ಮೇ ತಿಂಗಳ ಒಂದು ಗುರುವಾರಕ್ಕೆ ಆಪರೇಷನ್ನು ಮೂರನೆಯ ಸಲ ಗೊತ್ತಾಯಿತು. ಇದೂ ತಪ್ಪಿದರೆ ಅಕ್ಟೋಬರಿನವರೆಗೆ ಜಾಗವಿಲ್ಲ, ಮಣಿಕಟ್ಟಿನ ನರ ಇಷ್ಟು ದಿನ ಒತ್ತಿಕೊಂಡಿದ್ದರೆ ಆಮೇಲೆ ಕೊಯ್ದರೂ ಸ್ಪರ್ಶ ಮರಳದೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದರು. ಗುಲಾಬಿಗೆ ಅದನ್ನು ಹೇಳಬೇಕಾಗಿಯೇ ಇರಲಿಲ್ಲ. ಏಪ್ರಿಲಿನಲ್ಲಿ ಬೆಂಕಿಕುಳಿಯ ಡಬ್ಬಿಯನ್ನು ಸರಿಸುವಾಗ ಏನೋ ಸುಟ್ಟ ವಾಸನೆ ಬಂತೆಂದು ಅವಳು ಸುತ್ತ ನೋಡಿದ್ದಳು. ಸುಡುತ್ತಿದ್ದುದು ಅವಳದೇ ತೋರುಬೆರಳು.

ಗುರುವಾರದ ನಂತರದ ಶನಿವಾರ ಗುಣಪಾಲನ ತೋಟಗಾರಿಕೆಯ ಗುಂಪಿನ ಹತ್ತು ಜನ ಅವನ ಮಣ್ಣು ನೋಡಲು ಬರುವವರಿದ್ದರು. ಬುಧವಾರ ಬೆಳಿಗ್ಗೆ ಅವನು ಟೆಂಟಿನೊಳಗಿಂದ ಕೂಗಿದ. ಆರೂ ಗಿಡಗಳ ಎಲೆ ಜೋತುಬಿದ್ದಿದ್ದವು.

"ಮಣ್ಣಿಗೆ ಎಂತ ಮಾಡಿದ್ದು ನೀನು? ಕೆಸರಾಗಿದೆ! ಕೊಳೆತ ನಾತ ನೋಡು. ಮೂರು ವರ್ಷದಿಂದ ಮಾಡ್ತಿದ್ದಿ, ಈಗ ಹತ್ತು ಜನ ಬರುವಾಗಲೇ ಆಗಬೇಕಾ?"

ಗುಲಾಬಿ ಬಲಗೈಯಲ್ಲಿ ಒಂದು ಹಿಡಿ ಮಣ್ಣು ತೆಗೆದು ಹಿಂಡಿದಳು. ಎಂದಿನಂತೆಯೇ ಅನ್ನಿಸಿತು. ಅದನ್ನೇ ಎಡಗೈಗೆ ಹಾಕಿಕೊಂಡಳು. ನೀರು ಇಳಿದು ಮಣಿಕಟ್ಟಿನವರೆಗೆ ಬಂತು. ಅವಳಿಗೆ ಎಲ್ಲ ಗೊತ್ತಾಯಿತು. ಕಳೆದ ಸಲ ಕಲಸುವಾಗ ಸಾಲದು ಸಾಲದು ಎಂದು ನೀರು ಸುರಿದದ್ದು ಈ ಬಲಗೈ.

"ನನ್ನ ಬೆರಳಿಗೆ ಒದ್ದೆ ಗೊತ್ತಾಗುದಿಲ್ಲ," ಎಂದಳು.

ಗುಣಪಾಲ ಒಂದು ಕ್ಷಣ ಅವಳ ಕೈಯನ್ನೇ ನೋಡಿದ. ಆಮೇಲೆ ಗಿಡಗಳನ್ನು ನೋಡಿದ. "ಹಾಗಾದ್ರೆ ಎಡಗೈಯಲ್ಲಿ ಕಲಸು. ನೆನೆಹಾಕಿದ ಇದ್ದಿಲು ಅರ್ಧ ಡ್ರಮ್ಮು ಉಂಟಲ್ಲ, ಅದರಲ್ಲಿ ನಾಳೆ ಹೊಸದು ಮಾಡುವ. ಜನರಿಗೆ ತೋರಿಸ್ಲಿಕ್ಕೆ ಇವತ್ತು ಇದ್ದಿಲೂ ಸುಡುವ. ಆಪರೇಷನ್ನು ಸ್ವಲ್ಪ ಆಚೆ ಹಾಕಿದ್ರಾಯ್ತು."

"ಆಚೆ ಅಂದ್ರೆ ಅಕ್ಟೋಬರು."

"ಐದು ತಿಂಗಳಲ್ವಾ? ಇಷ್ಟು ದಿನ ಕಳೀಲಿಲ್ವಾ?"

ಗುಲಾಬಿಗೆ ಬಹಳ ದಣಿವಾಗಿತ್ತು. ಜಗಳವೂ ಒಂದು ಕೆಲಸ. ಶುರುಮಾಡಿದರೆ ಮುಗಿಸಿ, ಬಳಿದು, ಒರೆಸುವವರೆಗೆ ಅವಳದೇ. "ಇದ್ದಿಲು ನೀವು ಸುಡಿ," ಎಂದು ಹೇಳಿ ಹಿತ್ತಲಿನ ಕುರ್ಚಿಯಲ್ಲಿ ಕುಳಿತಳು.

ಅವನು ಸುಟ್ಟ. ಕೊಂಬೆ ಕಡಿಯುವಾಗ ನಾಲ್ಕು ಸಲ ಸೊಂಟ ಹಿಡಿದುಕೊಂಡ. ತೂತಿನ ಉರಿ ಆರಿದಾಗ ಅವಳು ಹೇಳಿದಳು: "ಇನ್ನು ನಾಳೆವರೆಗೆ ಮುಚ್ಚಳ ಮುಟ್ಟಬೇಡಿ." ಅವನು ಹೂಂ ಎಂದ. ಅವಳು ಒಳಗೆ ಹೋಗಿ ಅನ್ನಕ್ಕಿಟ್ಟಳು. ಗುಂಪಿಗೆ ಕಳಿಸಲು ಒಂದು ಫೋಟೋ ಬೇಕೆಂದು ಅವನು ಮುಚ್ಚಳ ತೆಗೆದದ್ದು ಅವಳಿಗೆ ತಿಳಿದದ್ದು ಗುರುವಾರ ಬೆಳಿಗ್ಗೆ, ಅವನು ಡಬ್ಬಿ ಹಿಡಿದುಕೊಂಡು ಅಡುಗೆಮನೆಗೆ ಬಂದಾಗ. ತಳದಲ್ಲಿ ಎರಡು ಹಿಡಿ ಬಿಳಿ ಬೂದಿ.

"ನೀನು ಹೇಳಲೇ ಇಲ್ಲ."

"ಹೇಳಿದ್ದೆ."

"ಸ್ವಲ್ಪ ಗಟ್ಟಿ ಹೇಳಬೇಕಿತ್ತು." ಅವನು ಡಬ್ಬಿಯನ್ನು ಬೂದಿ ಚೆಲ್ಲುವಂತೆ ಮೇಜಿನ ಮೇಲಿಟ್ಟ. ದನಿ ಇಳಿಯಿತು. "ಗುಲಾಬಿ, ಇದೊಂದು ಸಲ. ನನ್ನಿಂದ ಆಗುದಿಲ್ಲ ಮಾರಾಯ್ತಿ. ಜ್ವರ ಅಂತ ಒಂದು ಫೋನು ಮಾಡು ಅವರಿಗೆ."

ಅವನ ಮುಖ ನೋಡಿ ಅವಳಿಗೆ ಅಯ್ಯೋ ಅನ್ನಿಸಿತು. ಮೂವತ್ತೈದು ವರ್ಷ ಅವಳನ್ನು ಕೆಡಿಸಿದ್ದು ಆ ಅಯ್ಯೋ ಒಂದೇ. ಆಸ್ಪತ್ರೆಯ ನಂಬರು ಬಾಯಿಪಾಠವಾಗಿತ್ತು. ಅವಳು ಮೇಜಿನ ಮೇಲಿದ್ದ ಫೋನು ತೆಗೆದುಕೊಂಡಳು. ಹಿಡಿದಿದ್ದೇನೆ ಎಂದೇ ಅವಳು ತಿಳಿದಿದ್ದಳು; ಅದು ನೆಲಕ್ಕೆ ಬಿದ್ದು ಸದ್ದಾದಾಗಲೇ ಕೈ ಖಾಲಿ ಎಂದು ಗೊತ್ತಾದದ್ದು. ಎತ್ತಿಕೊಳ್ಳಲು ಬಗ್ಗಿದವಳು ಅರ್ಧದಲ್ಲೇ ನೆಟ್ಟಗಾದಳು.

"ನೀವೇ ಎತ್ತಿ," ಎಂದಳು. "ನಾನು ಹೋಗ್ತೇನೆ."

ಹೊರಗೆ ಮಗಳು ಪ್ರಣೀತಾ ಕಾರು ತಂದು ನಿಲ್ಲಿಸಿದ್ದಳು. ಗುಲಾಬಿ ಮೇಜಿನ ಬೂದಿ ಒರೆಸದೆ ಚಪ್ಪಲಿ ಮೆಟ್ಟಿದಳು.

ಆಪರೇಷನ್ನು ಅರ್ಧ ಗಂಟೆಯೂ ಹಿಡಿಯಲಿಲ್ಲ. ಕೈ ಮಾತ್ರ ಮರಗಟ್ಟಿಸಿದ್ದರು. ಪರದೆಯ ಆಚೆ ಏನೋ ಎಳೆದಂತಾಗುತ್ತಿತ್ತು. ಸ್ಪರ್ಶ ಎಷ್ಟು ಮರಳುತ್ತದೆ ಎಂದು ತಿಂಗಳುಗಳ ನಂತರವೇ ಗೊತ್ತಾಗುವುದು, ಪೂರ್ತಿ ಬರಲಿಕ್ಕಿಲ್ಲ ಎಂದು ಡಾಕ್ಟರು ಮೆಲ್ಲಗೆ ಹೇಳಿದರು. ಹೊಲಿಗೆ ಬಿಚ್ಚುವವರೆಗೆ ನೀರು ಮುಟ್ಟಬಾರದು, ಆರು ವಾರ ಭಾರ ಎತ್ತಬಾರದು ಎಂದು ನರ್ಸು ಒಂದು ಕಾಗದ ಕೊಟ್ಟಳು.

"ಐ ವಿಲ್ ಟಾಕ್ ಟು ಅಪ್ಪ," ಎಂದಳು ಪ್ರಣೀತಾ ಕಾರಿನಲ್ಲಿ, ಬಗ್ಗಿ ತಾಯಿಯ ಸೀಟ್‌ಬೆಲ್ಟು ಹಾಕುತ್ತ. "ಹೀ ಹ್ಯಾಸ್ ಟು ಕುಕ್."

"ನಾನು ಮನೆಗೆ ಹೋಗುದಿಲ್ಲ. ನಿನ್ನಲ್ಲಿಗೆ ಬರ್ತೇನೆ."

"ಅಮ್ಮಾ, ಇಟ್ಸ್ ಅ ಒನ್ ಬೆಡ್‌ರೂಮ್... ಎಷ್ಟು ದಿನ?"

"ಆರು ವಾರ. ಸೋಫಾ ಸಾಕು. ನಾನು ಅಡುಗೆ ಮಾಡುದಿಲ್ಲ, ಈಗಲೇ ಹೇಳ್ತೇನೆ. ನೀನೂ ಮಾಡುದು ಬೇಡ. ಬ್ರೆಡ್ಡು ತಿನ್ನುವ."

ಪ್ರಣೀತಾ ಕಾರು ಹೊರಡಿಸಿದಳು. ಕಾರಿನ ಸ್ಪೀಕರಿನಲ್ಲಿ ಗುಣಪಾಲನ ಫೋನು ಬಂತು.

"ಆಯ್ತಾ? ನೋವುಂಟಾ?"

"ಈಗ ಇಲ್ಲ."

"ಊಟಕ್ಕೆ ಬರ್ತೀಯಲ್ಲ?"

"ಇಲ್ಲ. ಪ್ರಣೀತಾಳಲ್ಲಿರ್ತೇನೆ, ಆರು ವಾರ."

ಅವನ ಹಿಂದೆ ಟೆಂಟಿನ ಫ್ಯಾನು ಸದ್ದು ಮಾಡುತ್ತಿತ್ತು. "ಶನಿವಾರ ಹತ್ತು ಜನ ಬರ್ತಾರೆ," ಎಂದ ಅವನು.

"ಬರಲಿ," ಎಂದಳು ಗುಲಾಬಿ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಿದ್ದೆಯಿತ್ತು. ಫ್ರೀವೇ ಸೇರುವ ಮೊದಲೇ ಅವಳ ಕಣ್ಣು ಮುಚ್ಚಿತ್ತು. ಅತ್ತ ಗುಣಪಾಲ ಇನ್ನೂ ಏನೋ ಕೇಳುತ್ತಿದ್ದ. ಪ್ರಣೀತಾ ಸ್ಪೀಕರಿನ ದನಿ ತಗ್ಗಿಸಿದಳು.