ಅಮ್ಮ ಕರೆದರೆ ಓಗೊಟ್ಟವರು

ಹಳೆಯ ದಿನಗಳನ್ನು ಎಳೆದು ತರುವ ವಾಸನೆಯೊಂದು ನಿಮಗೂ ಇರಬಹುದು. ದಪ್ಪ ಕಂಬಳಿಯ ನುಸಿಗುಳಿಗೆ ವಾಸನೆ ಬಂದರೆ ನನಗೆ ರಿಯಾದಿನ ಮಲಾಜ್‌ನಲ್ಲಿದ್ದ ನಮ್ಮ ಫ್ಲ್ಯಾಟಿನ ಶುಕ್ರವಾರಗಳು ನೆನಪಾಗುತ್ತವೆ. ಇಸ್ಲಾಂ ಬಿಟ್ಟು ಬೇರೆ ಧರ್ಮದ ಪ್ರಾರ್ಥನೆಗೆ ಅಲ್ಲಿ ನಿಷೇಧವಿತ್ತು; ಹಾಡು ಹೊರಗೆ ಕೇಳಬಾರದೆಂದು ಅಮ್ಮ ಕಿಟಕಿಗೆಲ್ಲ ಕಂಬಳಿ ಕಟ್ಟುತ್ತಿದ್ದಳು. ಅಮ್ಮ ನರ್ಸ್. ಅವಳ ಆಸ್ಪತ್ರೆಯಲ್ಲೇ ಕೆಲಸಕ್ಕಿದ್ದ ಡೆಲ್ಲಾ ಆಂಟಿ ಅಮೆರಿಕದ ಕಪ್ಪು ಜನಾಂಗದವಳು; ಅಕ್ಕತಂಗಿಯರ ಜೊತೆ ತನ್ನೂರಿನ ಇಗರ್ಜಿಯಲ್ಲಿ ಗಾಸ್ಪೆಲ್ ಭಕ್ತಿಗೀತೆ ಹಾಡುತ್ತಲೇ ತಲೆ ನರೆತವಳು. ಒಬ್ಬರು ಕರೆಯುವುದು, ಉಳಿದವರು ಒಟ್ಟಾಗಿ ಉತ್ತರ ಕೊಡುವುದು ಅವರ ಪದ್ಧತಿ. ಒಬ್ಬೊಬ್ಬರೇ ತೀರಿಕೊಂಡರೂ ಆ ತಂಡ ನಿಲ್ಲಲಿಲ್ಲವಂತೆ. ಹೋದವರ ಜಾಗಕ್ಕೆ ಬೇರೆಯವರನ್ನು ತರದೆ, ಅವರ ದನಿಯ ಟೇಪು ಹಾಕಿಕೊಂಡೇ ಉಳಿದವರು ಹಾಡಿದರಂತೆ. ಆ ಹಾಡುಗಳನ್ನು ಅವಳು ಅಮ್ಮನಿಗೂ, ಉಡುಪಿಯ ಹಿಲ್ಡಾ ಆಂಟಿಗೂ, ತಗ್ಗುದನಿಯ ವಿನ್ಸಿ ಅಂಕಲಿಗೂ ಕಲಿಸಿದಳು. ಕರೆಯುವವಳು ಅಮ್ಮ. ದನಿ ಚೆನ್ನಾಗಿದೆಯೆಂದಲ್ಲ, ಮನೆ ಅವಳದ್ದೆಂದು ವಿನ್ಸಿ ಅಂಕಲ್ ಕೀಟಲೆ ಮಾಡುತ್ತಿದ್ದರು.

ಗಲ್ಫಿನಲ್ಲಿ ಯಾರೂ ಉಳಿಯುವವರಲ್ಲ. ಮೊದಲು ಡೆಲ್ಲಾ ಆಂಟಿಯೇ ಹೊರಟಳು. ಹೊರಡುವ ಮೊದಲು ತನ್ನ ಉತ್ತರಗಳನ್ನೆಲ್ಲ ಕ್ಯಾಸೆಟ್ಟಿಗೆ ಹಾಡಿಟ್ಟಳು. ಆಮೇಲೆ ಕೆಲಸ ಬಿಟ್ಟು, ಪಾಸ್‌ಪೋರ್ಟಿಗೆ ಎಕ್ಸಿಟ್ ಮುದ್ರೆ ಹೊಡೆಸಿಕೊಂಡು ಊರಿಗೆ ಹೊರಟ ಹಿಲ್ಡಾ ಆಂಟಿ, ಅವರ ಹಿಂದೆ ವಿನ್ಸಿ ಅಂಕಲ್, ಆ ಟೇಪಿನ ಜೊತೆಗೇ ಹಾಡಿ ಇನ್ನೊಂದು ಟೇಪಿಗೆ ಸೇರಿಕೊಂಡರು. ಅವರು ಹಾಡುವಾಗ ಅಮ್ಮ ಎದುರಿಗೆ ನಿಂತು, ತನ್ನ ಸಾಲು ಬಂದಾಗ ಬಾಯಿ ಮುಚ್ಚಿ ಬರೇ ಕೈಯಲ್ಲಿ ತಾಳ ತೋರಿಸುತ್ತಿದ್ದಳು. ಆ ಜಾಗದಲ್ಲಿ ಮುಂದೆ ಹಾಡಬೇಕಾದವಳು ಅವಳೇ ತಾನೆ. ಕೊನೆಗೆ ಕೋಣೆಯಲ್ಲಿ ಅಮ್ಮ ಒಬ್ಬಳೇ. ಅವಳು ಕರೆದರೆ ಖಾಲಿ ಕುರ್ಚಿಗಳ ಕಡೆಯಿಂದ ಮೂವರೂ ಓಗೊಡುತ್ತಿದ್ದರು. ಹೊರಗೆ ಶಾಲೆಯ ಲೆಕ್ಕ ಬಿಡಿಸುತ್ತ ಕೂತ ನನಗೆ ಆ ಬಾಗಿಲು ತೆರೆಯಲು ಭಯ.

ಹಿಲ್ಡಾ ಆಂಟಿ ತೀರಿಕೊಂಡ ಸುದ್ದಿ ಬಂದ ವಾರವೂ ಅಮ್ಮ ಕಂಬಳಿ ಕಟ್ಟಿದಳು. ಆಂಟಿಯ ದನಿ ಎಂದಿನಂತೆಯೇ ಉತ್ತರ ಕೊಟ್ಟಿತು. ಬಾಗಿಲ ಸಂದಿಯಿಂದ ಇಣುಕುತ್ತಿದ್ದ ನನ್ನನ್ನು ಅಮ್ಮ ನೋಡಿದಳು.

“ಎಂತ ಹೆದರುವುದು ಮಾರಾಯ್ತಿ? ಅವಳು ತೀರಿಹೋದದ್ದು ಊರಲ್ಲಿ. ಇಲ್ಲಿ ಇದ್ದಾಳಲ್ಲ.”

ಹಾಗಾದರೆ ನಿನ್ನ ದನಿಯನ್ನೂ ಹಿಡಿದಿಡು ಎಂದು ಗೋಗರೆದೆ.

“ನಾನು ಎಲ್ಲಿಗೆ ಹೋಗ್ತೇನೆ?” ಎಂದು ನಕ್ಕಳು.

ಊರಿಗೆ ಬಂದ ಮೇಲೆ, ಕಿಟಕಿ ತೆರೆದಿಟ್ಟು ಹಾಡಬಹುದಾಗಿದ್ದರೂ, ಅವಳು ಹಾಡಲೇ ಇಲ್ಲ. ಹೋದ ವರ್ಷ ಮಂಗಳೂರಿನಲ್ಲಿ ಅವಳನ್ನು ಮಣ್ಣು ಮಾಡಿದೆವು. ಅವಳು ಮಾತಾಡಿದ್ದು ನನ್ನ ಫೋನಿನಲ್ಲಿ ಬೇಕಾದಷ್ಟಿದೆ, ಊಟ ಆಯಿತಾ, ಜ್ವರ ಬಿಟ್ಟಿತಾ ಎಂದು. ಹಾಡಿದ್ದು ಒಂದೂ ಇಲ್ಲ. ಅವಳ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಮೂವರ ದನಿಯಿದ್ದ ಆ ರಿಯಾದಿನ ಟೇಪು ಹಾಕಿದೆ. ಅಮ್ಮನ ಸಾಲಿನ ಜಾಗದಲ್ಲಿ ಎ.ಸಿ.ಯ ಗೊರಗೊರ. ಅದರ ನಡುವೆ, ಹಾಡಲು ಹೊರಟವಳು ತಡೆದುಕೊಂಡ ಹಾಗೆ, ಯಾರೋ ಉಸಿರು ಎಳೆದುಕೊಂಡ ಸದ್ದು. ಅದು ಅಮ್ಮನೇ. ಮರುಕ್ಷಣ ಮೂವರೂ ತುಂಬಿದ ದನಿಯಲ್ಲಿ ಉತ್ತರ ಕೊಟ್ಟರು. ಮತ್ತೆ ಮತ್ತೆ ಹಾಕಿ ಕೇಳಿದೆ. ಆ ಉಸಿರನ್ನು ಅವಳು ಬಿಟ್ಟದ್ದು ಮಾತ್ರ ಎಲ್ಲೂ ಕೇಳಿಸಲಿಲ್ಲ.